ಹಟ್ಟದಲ್ಲಿ ಹಡಗಿದ್ದಾನೆ

ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದ ಟೈಲರ್‌ಗೆ ಅಕ್ಷರ ಕಲಿಸಿದವಳು ನಾನೇ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿದವಳಿಗೆ ಇವನೊಬ್ಬ ಭಾರವೇ? ಅವನ ಬಾಯಲ್ಲಿ ಹಕಾರ ಹೊರಡುತ್ತಿರಲಿಲ್ಲ. 'ಹೇಳಿ' ಎನ್ನಲು 'ಏಳಿ' ಎನ್ನುತ್ತಿದ್ದ. ಮಾತು ಹೇಗಾದರೂ ಇರಲಿ, ಬರೆಯುವಾಗ ಹ ನುಂಗಿದರೆ ಜೋಕೆ ಎಂದು ಗದರಿದ್ದೆ. ಅಂದಿನಿಂದ ಮಹಾರಾಯ ಬೇಡವಾದಲ್ಲೂ ಹ ಹಾಕತೊಡಗಿದ. 'ಅಂಗಿ' 'ಹಂಗಿ'ಯಾಯಿತು. ನಾನು ತಿದ್ದುತ್ತಿದ್ದೆ, ಅವನು ಮತ್ತೆ ಹಾಕುತ್ತಿದ್ದ.

ಆಮೇಲೆ ಯುದ್ಧ ಬಂತು. ಊರು ಹಿಡಿದ ಸೈನ್ಯ ನನ್ನ ತಮ್ಮನನ್ನು ಹುಡುಕುತ್ತಿತ್ತು. ಅವನನ್ನು ಅಟ್ಟದಲ್ಲಿ ಬಚ್ಚಿಟ್ಟೆ. ಹನ್ನೊಂದು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅಧಿಕಾರಿಯೊಬ್ಬ ಸಹಿಯಿಲ್ಲದ ಚೀಟಿ ಹಿಡಿದು ಬಂದು ಗಟ್ಟಿಯಾಗಿ ಓದಿದ: 'ಟೀಚರ್ ಮನೆ ಹಟ್ಟದಲ್ಲಿ ಹವಳ ತಮ್ಮ ಹಡಗಿದ್ದಾನೆ.'

"ಏನಮ್ಮಾ, ಹವಳ, ಹಡಗು ಎಲ್ಲಾ ಇಟ್ಕೊಂಡಿದ್ದೀಯ. ಇದು ಮನೆನೋ ಸಮುದ್ರನೋ?"

ನಗುತ್ತಲೇ ಏಣಿ ಇಡಿಸಿದ. ತಮ್ಮನನ್ನು ಹಿತ್ತಲಿನ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು. ಹೊಸ್ತಿಲ ಬಳಿ ಬಿದ್ದಿದ್ದ ಚೀಟಿಯನ್ನು ಎತ್ತಿಟ್ಟುಕೊಂಡೆ.

ಮರುವಾರ ತಮ್ಮನ ಕೋಣೆಗೆ ಟೈಲರ್‌ನ ಎರಡನೇ ಮೆಷಿನ್ ಬಂತು. ಸೈನಿಕರ ಸಮವಸ್ತ್ರ ಹೊಲಿಯುವ ಕೆಲಸ ಅವನಿಗೇ ಸಿಕ್ಕಿತ್ತು. "ಎಂಥಾ ಉಡುಗ ಅಕ್ಕ, ಪಾಪ" ಎಂದು ನನ್ನೆದುರೇ ಕಣ್ಣೊರೆಸಿಕೊಂಡ. ಹಲ್ಲು ಕಚ್ಚಿಕೊಂಡು ಎರಡು ವರ್ಷ ಆ ಮೆಷಿನ್ನಿನ ಸದ್ದು ಕೇಳಿದೆ.

ಯುದ್ಧ ಮುಗಿದು, ಸುಳಿವು ಕೊಟ್ಟವರ ವಿಚಾರಣೆ ಶುರುವಾಯಿತು. ಚೀಟಿ ತೋರಿಸಿದರೆ ನ್ಯಾಯಾಧೀಶರು, "ಇದು ಅವನದೇ ಬರಹ ಅಂತ ಏನು ಗ್ಯಾರಂಟಿ?" ಎಂದರು. ಅವನು ಬರೆದದ್ದು ಇನ್ನೊಂದು ಬೇಕಿತ್ತು. ಕಳ್ಳ, ಕಾಪಿ ಪುಸ್ತಕಗಳನ್ನೆಲ್ಲ ಒಲೆಗೆ ಹಾಕಿದ್ದ.

ಸೈನ್ಯಕ್ಕೆ ದುಡಿದವರೆಲ್ಲ ನಡತೆ ಪತ್ರ ತರಬೇಕೆಂದು ಆದೇಶವಾದಾಗ ತಾನಾಗಿಯೇ ನನ್ನ ಬಾಗಿಲಿಗೆ ಬಂದ.

"ಅಕ್ಕ, ನೀವೊಂದು ಮಾತು ಬರ್ಕೊಟ್ರೆ ನಾನು ಉಳ್ಕೋತೀನಿ."

"ನನ್ನ ಕಣ್ಣು ಮಂಜು ಕಣಪ್ಪ. ನೀನೇ ಬರಿ, ಸಹಿ ಹಾಕ್ತೀನಿ."

"ನನ್ನ ಅಕ್ಷರ..."

"ಕಲಿಸಿದೋಳ ಹತ್ರ ಎಂಥಾ ನಾಚಿಕೆ? ಟೀಚರ್ ಮನೆ ಅಟ್ಟದಲ್ಲಿ ಅಡಗಿದ್ದ ಅವಳ ತಮ್ಮನಿಗೆ ದಿನಾ ಊಟ ಕೊಟ್ಟವನು ನಾನೇ, ಅಂತ ಬರಿ."

ಅವನ ಮುಖ ಅರಳಿತು. ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಬರೆದ. ಹಟ್ಟ. ಹಡಗಿದ್ದ. ಹವಳ.

"ತಪ್ಪಿದ್ರೆ ಏಳಿ ಅಕ್ಕ, ತಿದ್ಕೋತೀನಿ."

ಮೂವತ್ತು ವರ್ಷ ತಪ್ಪು ಕಂಡಲ್ಲಿ ನನ್ನ ಕೈ ಸುಮ್ಮನಿದ್ದದ್ದಿಲ್ಲ. ಅಂದು ಸುಮ್ಮನಿತ್ತು. ಸಹಿ ಹಾಕಿ, ಕಾಗದವನ್ನು ಮಡಿಚಿ ಹಳೆಯ ಚೀಟಿಯಿದ್ದ ಚೀಲದೊಳಗೆ ಇಟ್ಟುಕೊಂಡೆ.

"ಒಂದೂ ತಪ್ಪಿಲ್ಲಪ್ಪ" ಎಂದೆ. "ನಾನೇ ಹೋಗಿ ಕೊಟ್ಟು ಬರ್ತೀನಿ."