ಪರಾಗವಿಲ್ಲದ ಬದನೆ ಹೂವು

ಸುಮಂಗಲಾ ಈಗ ಬೇಗೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಆದರೂ ಅವಳಿಗೆ ಮತ್ತೆ ಮತ್ತೆ ನೆನಪಾಗುವುದು ಜಿಗಣಿಯ ಬೀಜದ ಕಂಪನಿ, ಅದರಲ್ಲೂ ಅವ್ವ ಬಂದಿದ್ದ ೨೦೧೦ರ ಆ ಮಧ್ಯಾಹ್ನ.

ಅವ್ವ ದೇವಕ್ಕ ರಾಣೆಬೆನ್ನೂರಿನ ಕಡೆಯವಳು. ಬೀಜದ ಹೊಲಗಳಲ್ಲಿ ಬದನೆಯ ಕ್ರಾಸಿಂಗ್ ಕೆಲಸ ಮಾಡಿಯೇ ಮಗಳನ್ನು ಓದಿಸಿದ್ದಳು. ಅರಳಲಿರುವ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಒಳಗಿನ ಹಳದಿ ಗಂಡುಭಾಗ ಕಿತ್ತು, ಆಮೇಲೆ ಬೇರೆ ತಳಿಯ ಪರಾಗ ಮುಟ್ಟಿಸುವ ಕೆಲಸ ಅದು. ರಜೆಯಲ್ಲಿ ಸುಮಂಗಲಾ ಕೂಡ ಆ ಸಾಲುಗಳಲ್ಲಿ ಬಗ್ಗಿ ನಿಂತವಳೇ.

ಜಿಗಣಿಯ ಆ ಕಂಪನಿಯ ಪ್ರಯೋಗಾಲಯದಲ್ಲಿ ಅವಳೂ ಜೊತೆಗೆ ಕೆಲಸ ಮಾಡುತ್ತಿದ್ದ ಗೌರಿಯೂ ಬೆಳೆಸಲು ಹೊರಟಿದ್ದು ಪರಾಗವನ್ನೇ ಬಿಡದ ಬದನೆ. ಕಿಣ್ವದಲ್ಲಿ ನೆನೆಸಿದ ಎಲೆಯ ಜೀವಕೋಶಗಳು ಗೋಡೆ ಕಳೆದುಕೊಂಡು ಗುಂಡಗಿನ ಹನಿಗಳಾಗುತ್ತಿದ್ದವು. ಕಾಡುಬದನೆಯ ಕೋಶಕೇಂದ್ರವನ್ನು ವಿಕಿರಣದಿಂದ ಕೆಡಿಸಿ, ಆ ಕೋಶವನ್ನು ಊರಬದನೆಯ ಕೋಶದೊಂದಿಗೆ ಬೆಸೆಯುತ್ತಿದ್ದರು. ಹೀಗೆ ಹುಟ್ಟುವ ಗಿಡದಲ್ಲಿ ಕೋಶಕೇಂದ್ರ ಊರಿನದು, ಅದರ ಸುತ್ತಲಿನ ಕೋಶದ್ರವ್ಯದಲ್ಲಿ ಕಾಡಿನ ಪಾಲು; ಪರಾಗ ಕಟ್ಟದಂತೆ ತಡೆಯುವುದು ಆ ಪಾಲೇ. ಕೋಶಗಳನ್ನು ಬೆಳೆಸುವ ಗಾಜಿನ ತಟ್ಟೆಗಳಿಗೆ ಪದೇ ಪದೇ ಬೂಷ್ಟು ಬರುತ್ತಿತ್ತು. ಜಿಗಣಿಯಲ್ಲೇ ಹುಟ್ಟಿ ಬೆಳೆದ ಗೌರಿ ಅವನ್ನು ತೊಳೆಯುತ್ತಾ, "ನಮ್ಮಜ್ಜಿ ಹಿತ್ತಲಲ್ಲಿ ಬೀಜ ಉಗುಳುದ್ರೂ ಬದನೆ ಹುಟ್ತಿತ್ತು ಕಣೇ" ಎನ್ನುತ್ತಿದ್ದಳು.

ಕೊನೆಗೂ ಒಂದು ಗಿಡ ಉಳಿಯಿತು. ಅದು ಹೂಬಿಟ್ಟ ವಾರವೇ ಅವ್ವ ಊರಿಂದ ಬಂದಿದ್ದಳು. ಸುಮಂಗಲಾ ಅವಳನ್ನು ಹಸಿರುಮನೆಗೆ ಕರೆದೊಯ್ದಳು.

ದೇವಕ್ಕ ಹೂವನ್ನು ಉಗುರಿನ ಮೇಲೆ ತಟ್ಟಿ ನೋಡಿದಳು. ಪುಡಿ ಬೀಳಲಿಲ್ಲ.

"ಇದರಾಗ ಧೂಳನ ಇಲ್ಲಲ್ಲ, ಸುಮಾ."

"ಹೌದವ್ವಾ. ಇನ್ನ ಗಂಡು ಕೀಳೂದು ಬ್ಯಾಡ. ಪರಾಗ ಅಷ್ಟ ಮುಟ್ಟಿಸಿದ್ರ ಸಾಕು."

ದೇವಕ್ಕ ಹೂವನ್ನು ಬಿಟ್ಟು ಮಗಳತ್ತ ತಿರುಗಿದಳು. "ಅರ್ಧ ಕೆಲಸ ಹೋದ್ರ ಅರ್ಧ ಮಂದೀನ ಕರೀತಾರ. ಉಳಿದವ್ರು ಎಲ್ಲಿಗೆ ಹೋಗ್ಬೇಕು?"

ಅಲ್ಲೇ ಇದ್ದ ಗೌರಿ ಪಕ್ಕದ ಸಾಧಾರಣ ಬದನೆ ಗಿಡದಿಂದ ಪರಾಗ ತುಂಬಿದ ಹೂವೊಂದನ್ನು ತಂದು, "ನೀವೇ ಮುಟ್ಟಿಸ್ಕೊಡಿ ಅಮ್ಮಾ. ನಮಗೆ ನಿಮ್ಮಷ್ಟು ಚೆನ್ನಾಗಿ ಬರಲ್ಲ" ಎಂದಳು.

ದೇವಕ್ಕ ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಕೈ ಕೆಲಸಕ್ಕೆ ತೊಡಗಿದ್ದೇ ತಡ, ಮಾತೂ ಬಂತು. ಬೀಜದ ಹೊಲದ ಸಾಲಿನ ಆ ತುದಿಯಲ್ಲಿ ಜೊತೆಯ ಶಿವಲಿಂಗಮ್ಮ ಹಾಡು ಎತ್ತಿದರೆ ಈ ತುದಿಯವರು ಮುಗಿಸುತ್ತಿದ್ದುದು, ಎಳೆ ಬಸುರಿ ಚನ್ನಕ್ಕನಿಗೆಂದು ಎಲ್ಲರೂ ಬುತ್ತಿಯಲ್ಲಿ ಹುಣಸೆ ತೊಕ್ಕು ತರುತ್ತಿದ್ದುದು. "ಬೆನ್ನು ನೋಯ್ತಿತ್ತು ಖರೆ," ಎಂದಳು, "ಆದ್ರ ಅಷ್ಟು ನಕ್ಕಿದ್ದು ಮತ್ತೆಲ್ಲೂ ಇಲ್ಲ." ಗೌರಿ ಊಟ ಮರೆತು ಕೇಳುತ್ತಿದ್ದಳು. ಸುಮಂಗಲಾ ಅವ್ವನ ಬೆರಳುಗಳನ್ನೇ ನೋಡುತ್ತಿದ್ದಳು. ಇವನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ವರ್ಷವಾಯಿತು ಅನಿಸಿತು.

ಆ ಗಿಡದ ಮೊದಲ ಕಾಯಿ ಹಣ್ಣಾದಾಗ ಒಳಗೆ ಬೀಜ ಕಟ್ಟಿತ್ತು. ಗೌರಿಯೇ ಊರಿಗೆ ಫೋನ್ ಮಾಡಿ ದೇವಕ್ಕನಿಗೆ ತಿಳಿಸಿದಳು. ಮೂರು ವರ್ಷದ ನಂತರ ಕಂಪನಿ ಹೈದರಾಬಾದಿಗೆ ಹೋಯಿತು; ಬೀಜಗಳೂ ಹೋದವು, ಗೌರಿಯೂ ಹೋದಳು. ಅವ್ವ ಈಗಲೂ ಫೋನಿನಲ್ಲಿ ಮೊದಲು ಕೇಳುವುದು ಗೌರಿಯ ಸುದ್ದಿಯನ್ನೇ.