ಅಮ್ಮನ ಹೆಸರಿನ ಜೇಡ

ನಮ್ಮಮ್ಮನಿಗೆ ಜೇಡ ಕಂಡರೆ ಆಗದು. ಪೊರಕೆ ಹಿಡಿದು ಮನೆಯೆಲ್ಲ ಅಟ್ಟಾಡಿಸುತ್ತಾಳೆ. ಆದರೂ ಪ್ರಪಂಚದಲ್ಲಿ ಒಂದು ಜಾತಿಯ ಜೇಡಕ್ಕೆ ಅವಳ ಹೆಸರಿದೆ. ಇಟ್ಟವಳು ನಮ್ಮಕ್ಕ. ಮ್ಯೂಸಿಯಂನ ಜೇಡದ ವಿಭಾಗದಲ್ಲಿ ಕೂತು ಅವಳು ಹೊಸದೆಂದು ತೋರಿಸಿಕೊಟ್ಟದ್ದು ಅದೊಂದನ್ನೇ. ಆಮೇಲೆ ಕಣ್ಣು ಕೈಕೊಟ್ಟಿತು. ಸೂಕ್ಷ್ಮದರ್ಶಕದಲ್ಲಿ ಮಂಜು ಬಿಟ್ಟು ಬೇರೇನೂ ಕಾಣದಾದಾಗ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಅವಳ ಸ್ಟೂಲಿನ ಮೇಲೆ ಈಗ ನಾನು ಕೂರುತ್ತೇನೆ.

ಅಕ್ಕನ ತಾಳ್ಮೆ ನನಗಿಲ್ಲ. ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಸತ್ತ ಜೇಡಗಳನ್ನು ನೋಡಿ ನೋಡಿ ಬೇಜಾರಾಗಿ, ಬದುಕಿರುವುದನ್ನು ಸಾಕತೊಡಗಿದೆ. ಗೋಡೆಯ ಸಂದಿಯಲ್ಲಿ ಸಿಕ್ಕಿದ, ಬೆನ್ನ ಮೇಲೆ ಹಳದಿ ಪಟ್ಟೆಯಿದ್ದ ಹೆಣ್ಣೊಂದು ಜಾಮಿನ ಬಾಟಲಿಯೊಳಗೆ ಮೊಟ್ಟೆಯ ಚೀಲ ನೇಯ್ದಿತು. ಅದು ಪರಿಚಯದ ಜಾತಿಯೇ. ನಮ್ಮಜ್ಜಿ ಹುಟ್ಟುವ ಮೊದಲೇ ಯಾರೋ ಹೆಸರಿಟ್ಟಿದ್ದರು. ಮರಿಗಳು ಹೊರಬಂದಾಗ ಒಂದೊಂದನ್ನೂ ಬೇರೆ ಬಾಟಲಿಗೆ ಹಾಕಿ, ಹಣ್ಣಿನ ನೊಣ ತಿನ್ನಿಸಿ ಬೆಳೆಸಿದೆ. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿಂದು ಮುಗಿಸುತ್ತವೆ, ಒಡಹುಟ್ಟು ಎಂಬ ಮುಲಾಜೇ ಇಲ್ಲ. ಹೆಣ್ಣುಗಳೆಲ್ಲ ತಾಯಿಯ ಪಟ್ಟೆಯನ್ನೇ ತಂದವು. ಗಂಡುಗಳು ಕೊನೆಯ ಸಲ ಪೊರೆ ಬಿಟ್ಟು ಹೊರಬಂದಾಗ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಪುಟ್ಟ ಮೈ, ಪಟ್ಟೆಯಿಲ್ಲದ ಕಡುಕಪ್ಪು, ಕೆಂಪು ಮುಂಗಾಲು. ಅಕ್ಕ ವರ್ಣಿಸಿದ್ದ ಅದೇ ಅಮ್ಮನ ಜೇಡ!

ಅಕ್ಕನಿಗೆ ಸಿಕ್ಕಿದ್ದೆಲ್ಲ ಗಂಡು, ಹಿಂದೆ ಪಟ್ಟೆಯದಕ್ಕೆ ಹೆಸರಿಟ್ಟ ಆ ಹಳಬರಿಗೆ ಸಿಕ್ಕಿದ್ದೆಲ್ಲ ಹೆಣ್ಣು. ಗಂಡ ಹೆಂಡತಿಯನ್ನು ಎರಡು ಜಾತಿ ಮಾಡಿ ಕೂರಿಸಿದ್ದರು. ನಮ್ಮ ಕಸುಬಿನಲ್ಲಿ ಇಂಥದ್ದು ಹೊಸತೇನಲ್ಲ. ನಿಯಮವೂ ಸರಳ: ಮೊದಲು ಇಟ್ಟ ಹೆಸರು ಉಳಿಯುತ್ತದೆ, ಆಮೇಲಿನದು ಹೋಗುತ್ತದೆ. ನಾನು ಇದನ್ನು ಪ್ರಕಟಿಸಿದರೆ ಅಕ್ಕನ ಜೀವಮಾನದ ಒಂದೇ ಒಂದು ಜೇಡ ಕೈಬಿಟ್ಟು ಹೋಗುತ್ತದೆ. ಪ್ರಕಟಿಸದಿದ್ದರೆ ಗೊತ್ತಿದ್ದೂ ಸುಳ್ಳಿಗೆ ಕಾವಲು ಕೂತಂತೆ.

ಅಂದು ಸಂಜೆ ಮನೆಗೆ ಬಂದವಳೇ ಅಕ್ಕನಿಗೆ ಹೇಳಿದೆ. ಅವಳು ಕೇಳಿದ್ದು ಇಷ್ಟೇ: "ಎಲ್ಲಾ ಒಂದೇ ಚೀಲದ್ದಾ?"

"ಒಂದೇ ಚೀಲದ್ದು ಕಣೇ. ನಾನೇ ಸಾಕಿದ್ದು."

"ಹಾಗಾದ್ರೆ ಅಮ್ಮ ಇರೋವರೆಗೂ ಬಾಯಿ ಮುಚ್ಕೊಂಡಿರು. ಬೀದಿಗೆಲ್ಲಾ ಹೇಳ್ಕೊಂಡು ಬಂದಿದಾಳೆ, ಪಾಪ." ಗೋಡೆ ಕಡೆ ತಿರುಗಿ ಮಲಗಿದಳು.

ನನಗೆ ರೇಗಿತು. ಅಮ್ಮನ ನೆಪ ಹೇಳಿ ನನ್ನ ಬಾಯಿಗೆ ಬೀಗ ಹಾಕುತ್ತಾಳಲ್ಲ! ಗುಟ್ಟು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನ ಜಾಯಮಾನವೇ ಅಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಮ್ಮನ ಮುಂದೆ ಕೂತು ಎಲ್ಲ ಒದರಿಬಿಟ್ಟೆ.

ಅಮ್ಮ ಕೈ ನಿಲ್ಲಿಸಲಿಲ್ಲ. "ಅಂದ್ರೆ ಇಷ್ಟು ವರ್ಷ ನಾನು ಗಂಡಸಾಗಿದ್ನಾ?"

ನಗು ತಡೆಯಲಾಗಲಿಲ್ಲ. "ಹೂಂನಮ್ಮ."

"ಹೋಗ್ಲಿ ಬಿಡು. ಆ ಹುಳಕ್ಕೆ ನನ್ನ ಹೆಸರು ಇದ್ರೆಷ್ಟು, ಬಿಟ್ರೆಷ್ಟು." ಒಂದು ಎಸಳು ಸುಲಿದಳು. ಆಮೇಲೆ ದನಿ ತಗ್ಗಿಸಿ, "ಅದರ ಪಕ್ಕದಲ್ಲೇ ನಿಮ್ಮಕ್ಕನ ಹೆಸರೂ ಬರೀತಾರಲ್ಲ, ಹೆಸರಿಟ್ಟೋಳು ಅಂತ. ಅದು?"

"ಅದೂ ಹೋಗುತ್ತಮ್ಮ."

ಈಗ ಕೈ ನಿಂತಿತು. "ನಾನು ಬೀದಿಗೆಲ್ಲಾ ಹೇಳ್ತಿದ್ದಿದ್ದು ಅದನ್ನ ಕಣೇ."

ನಾನೂ ಒಂದು ಎಸಳು ಎತ್ತಿಕೊಂಡು ಸುಲಿಯತೊಡಗಿದೆ.

"ಇದನ್ನೀಗ ಯಾರ ಹೆಸರಲ್ಲಿ ಬರೀತೀಯ?" ಅಮ್ಮ ಕೇಳಿದಳು.

"ನನ್ನ ಹೆಸರಲ್ಲೇ," ಎಂದೆ. ಕಂಡುಹಿಡಿದದ್ದು ನಾನು, ಅದರಲ್ಲೇನು ತಪ್ಪು? ಆದರೂ ಅಮ್ಮ ನನ್ನನ್ನೇ ನೋಡುತ್ತಿದ್ದಾಗ ಕಿವಿ ಬಿಸಿಯಾಯಿತು.

"ತಪ್ಪು ಅವಳದ್ದು ಅಂದ್ಮೇಲೆ ತಿದ್ದೋಳೂ ಅವಳೇ ಆಗ್ಲಿ. ಹೋಗಿರೋದು ಕಣ್ಣು, ಬಾಯಲ್ಲವಲ್ಲ. ಅವಳು ಹೇಳ್ಲಿ, ನೀನು ಬರಿ."

ಅಕ್ಕ ಇನ್ನೂ ಎದ್ದಿರಲಿಲ್ಲ. ಮಂಚದ ತುದಿಯಲ್ಲಿ ಕೂತು, "ಅಮ್ಮನಿಗೆ ಹೇಳ್ಬಿಟ್ಟೆ. ಏನೂ ಆಗ್ಲಿಲ್ಲ. ಇಬ್ರೂ ಸೇರಿ ಬರೆಯೋಣ. ಗಂಡು ಜೇಡಾನ ನಿನ್ನಷ್ಟು ನೋಡಿರೋರು ಯಾರೂ ಇಲ್ಲ," ಎಂದೆ. ಅವಳು ನನಗೆ ಬೈಯಲಿಲ್ಲ. ಹೊದಿಕೆಯೊಳಗೇ ಅತ್ತಳು, ತುಂಬ ಹೊತ್ತು ಅತ್ತಳು. ನಾನು ಎದ್ದು ಹೋಗದೆ ಅಲ್ಲೇ ಕೂತಿದ್ದೆ.

ಕೊನೆಗೆ ಮುಖ ಒರೆಸಿಕೊಂಡು ಎದ್ದು ಕೂತು, "ನನ್ನ ಹೆಸರು ಮೊದಲು ಹಾಕು," ಎಂದಳು. "ದೊಡ್ಡೋಳು ನಾನು."