ಮಂಗಳವಾದ್ಯ

ಮಾಧವ ಫ್ಯೂನರಲ್ ಹೋಮಿನ ಗಾಜಿನ ಬಾಗಿಲನ್ನು ಅರ್ಧ ತೆರೆದು, ಉಳಿದರ್ಧಕ್ಕೆ ತಾನೇ ಅಡ್ಡ ನಿಂತಿದ್ದ. ಹೊರಗೆ ಫೆಬ್ರವರಿಯ ಹಿಮದಲ್ಲಿ ಕಪ್ಪು ಕೋಟಿನ ಮುದುಕನೊಬ್ಬ. ಹೆಸರು ಕರ್ಟಿಸ್ ಎಂದಿದ್ದ, ಡೆಟ್ರಾಯಿಟ್‌ನ ಚರ್ಚಿನವನು ಎಂದಿದ್ದ. ಆದರೆ ಮಾಧವನ ಕಣ್ಣು ಅವನ ಕೈಯಲ್ಲಿದ್ದ ಸ್ಯಾಕ್ಸೋಫೋನ್ ಪೆಟ್ಟಿಗೆಯ ಮೇಲೆಯೇ ಇತ್ತು.

"ನೋ ಮ್ಯೂಸಿಕ್, ಪ್ಲೀಸ್," ಎಂದ ಮಾಧವ.

"ಮನೆಯವರು ಹೇಳಿದ ಹಾಗೆ, ಸರ್," ಎಂದು ಕರ್ಟಿಸ್ ಟೋಪಿ ತೆಗೆದ.

ಒಳಗೆ ಮಾಧವನ ತಮ್ಮ ಜಯಸಿಂಹ ಹಾರ ಹಾಕಿಸಿಕೊಂಡು ಮಲಗಿದ್ದ. ಶಿಕಾಗೋ ಬಳಿಯ ಇಟಾಸ್ಕಾದಲ್ಲಿ ಇಂಟರ್‌ವ್ಯೂ ಮುಗಿಸಿ ಕಾರಿನಲ್ಲಿ ಕೂತವನು ಮತ್ತೆ ಏಳಲಿಲ್ಲ. ಮೈಸೂರಿನ ಪುರೋಹಿತರು ಸ್ಪೀಕರ್ ಫೋನಿನಲ್ಲಿ ಮಂತ್ರ ಹೇಳುತ್ತಿದ್ದರು. ಲೈನು ಕಡಿದಾಗಲೆಲ್ಲ ಪಾಪ, ಆತ್ಮವೂ ನಡುದಾರಿಯಲ್ಲಿ ನಿಂತು ಕಾಯಬೇಕಿತ್ತು.

ಮಾಧವ ಬಂದು ತಮ್ಮನ ಹೆಂಡತಿ ಕೌಸಲ್ಯಾಳ ಹತ್ತಿರ ಬಗ್ಗಿದ.

"ಆ ಚರ್ಚಿನೋರು ಒಬ್ರು ಬಂದಿದಾರಮ್ಮ. ಊದಕ್ಕೇ ಬಂದಿರೋದು. ವಾಲಗ ಅನ್ನೋದು ಮದುವೆ ಮುಂಜಿಗೆ. ಹೆಣದ ಮುಂದೆ ಊದೋ ಪದ್ಧತಿ ನಮ್ಮಲ್ಲಿಲ್ಲ. ನೀನೇ ಹೇಳು."

ಹಿಂದಿನ ಸಾಲಿನಲ್ಲಿದ್ದ ಮಲ್ಲಪ್ಪ, ಜಯಸಿಂಹನ ಹಳೆಯ ಸಹೋದ್ಯೋಗಿ, ಗದಗಿನವರು, ಸುಮ್ಮನಿರಲಾರದೆ ಬಾಯಿ ಹಾಕಿದರು. "ನಮ್ಮ ಕಡೆ ಭಜನಿ ಇಲ್ದ ಹೆಣಾ ಮನಿ ಬಿಡೂದಿಲ್ರಿ, ಮಾಧವರಾವ್. ಜೀವನಪೂರ್ತಿ ಊದಿದ ಮನಷ್ಯಾರಿ ಅವ್ರು. ಊದ್ಲಿ ಬಿಡ್ರಿ."

"ನಿಮ್ಮ ಕಡೇದು ನಿಮಗೆ ಸರಿ ಇರಬಹುದು."

ಮಗಳು ಧೃತಿ ತಾಯಿಯ ಕೈ ಹಿಡಿದಳು. "ಅಮ್ಮಾ, ಜಸ್ಟ್ ಲೆಟ್ ಹಿಮ್."

ಕೌಸಲ್ಯಾಳಿಗೆ ಊದಲಿ ಎನ್ನಬೇಕೆಂಬ ಆಸೆ ಗಂಟಲವರೆಗೂ ಬಂತು. ಆದರೆ ಸುತ್ತ ಕೂತವರಲ್ಲಿ ಹೆಚ್ಚಿನವರು ಮೈಸೂರಿನವರು, ನಾಳೆ ಲೆಮಾಂಟ್ ದೇವಸ್ಥಾನದಲ್ಲಿ ಮುಖ ನೋಡಬೇಕಾದವರು. ಸತ್ತವನ ಮಾತನ್ನು ಈಗ ಕೇಳುವವರು ಯಾರು?

"ಬೇಡ ಅನ್ನಿ ಭಾವ," ಎಂದಳು. ಹಾಗೆಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

\*

ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಜಯಸಿಂಹ ಮದುವೆ ಬ್ಯಾಂಡಿನವರ ಬೆನ್ನು ಬಿದ್ದು ಸ್ಯಾಕ್ಸೋಫೋನ್ ಕಲಿತಿದ್ದ. ಡೆಟ್ರಾಯಿಟ್‌ನಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆ ಸೇರಿದ ಮೇಲೆ ಹಗಲು ಬ್ರೇಕು, ಸಂಜೆ ಜಾಜ್. ಕ್ಲಬ್ಬುಗಳಲ್ಲಿ ಅವನಿಗೆ ಹೆಸರೇನೂ ಬರಲಿಲ್ಲ. ದೊಡ್ಡ ವಾದಕರಿಗೆ ಜ್ವರ ಬಂದಾಗ ನೆನಪಾಗುವ ಮನುಷ್ಯ. ಒಂದು ದಿನ ಪಿಯಾನೋ ನುಡಿಸುವವನು, "ನಿನ್ನ ಬೆರಳು ಸರಿ, ಉಸಿರು ಸಾಲದು. ಭಾನುವಾರ ನಮ್ಮ ಚರ್ಚಿಗೆ ಬಾ," ಎಂದ. ಹೋದವನು ಗಾಸ್ಪೆಲ್ ಭಕ್ತಿಹಾಡುಗಳ ಹಿಂದೆ ಊದುತ್ತ, ಅಲ್ಲಿಯವರ ಬಾಯಲ್ಲಿ 'ಜೇ' ಆಗಿ, ಅಲ್ಲೇ ಉಳಿದುಬಿಟ್ಟ. ಕೌಸಲ್ಯಾ ಒಂದು ಸಲವೂ ಹೋಗಿ ಕೇಳಲಿಲ್ಲ. ಚರ್ಚಿನಲ್ಲಿ ತನಗೇನು ಕೆಲಸ ಅಂದುಕೊಂಡಳು.

ಎರಡು ಸಾವಿರದ ಎಂಟರಲ್ಲಿ ಕಾರ್ಖಾನೆ ಮುಚ್ಚಿತು. ಕಾಂಟ್ರ್ಯಾಕ್ಟ್ ಕೆಲಸ ಹಿಡಿದು ಶಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ಗೆ ಬಂದರು. ಕೆಲವೇ ತಿಂಗಳಲ್ಲಿ ಅದೂ ಹೋಯಿತು. ಬಾಡಿಗೆ ಟೌನ್‌ಹೌಸಿನ ಬೇಸ್‌ಮೆಂಟಿನಲ್ಲಿ ಅವನು ಊದುತ್ತಿದ್ದಾಗ ಅವಳು ಮೆಟ್ಟಿಲ ಮೇಲಿಂದ ಕೂಗಿದಳು.

"ಕೆಲಸ ಹೋದ ಮನೇಲಿ ಪೀಪಿ ಊದ್ತಾರೇನ್ರೀ? ಪಕ್ಕದ ಮನೆಯೋರು ಏನಂದ್ಕೋತಾರೆ?"

"ಸರಿ ಕಣೇ."

ಅಂದಿನಿಂದ ಮನೆಯಲ್ಲಿ ಸದ್ದು ನಿಂತಿತು. ಆದರೆ ಕಾರಿನಲ್ಲಿ ಐದು ಗಂಟೆಯ ದಾರಿಯಾದರೂ ವಾರಾಂತ್ಯ ಡೆಟ್ರಾಯಿಟ್‌ಗೆ ಹೋಗುವುದನ್ನು ಅವನು ಬಿಡಲಿಲ್ಲ. ವಾಪಸು ಬಂದವನು ಅಡಿಗೆಮನೆಗೆ ಕಾಲಿಡದೆ ನೇರ ಬೇಸ್‌ಮೆಂಟಿಗಿಳಿದು ತಲೆಗೆ ಸ್ನಾನ ಮಾಡುತ್ತಿದ್ದ, ಬಟ್ಟೆಯನ್ನೂ ತಾನೇ ಒಗೆಯಲು ಹಾಕುತ್ತಿದ್ದ. ಯಾವ ವಾಸನೆ ತೊಳೆದುಕೊಳ್ಳುತ್ತಾರೆ ಇವರು? ಬಾರಿನದೋ, ಇನ್ನೊಬ್ಬಳದೋ? ಒಮ್ಮೆ ಕೇಳಿದ್ದಕ್ಕೆ "ರಸ್ತೆ ಧೂಳು ಕಣೇ" ಎಂದು ನಕ್ಕಿದ್ದ. ಆಮೇಲೆ ಅವಳು ಕೇಳಲಿಲ್ಲ. ಮಾತನಾಡುವುದನ್ನೂ ಕಡಿಮೆ ಮಾಡಿದಳು.

\*

ಕರ್ಟಿಸ್ ಸಾಲಿನಲ್ಲಿ ನಿಂತು ಕೊನೆಯವನಾಗಿ ಬಂದ. ಜಯಸಿಂಹನ ಮುಖವನ್ನು ಬಹಳ ಹೊತ್ತು ನೋಡಿ, ಆಮೇಲೆ ಕೌಸಲ್ಯಾಳ ಕಡೆ ತಿರುಗಿದ.

"ಮ್ಯಾಮ್, ಜೇ ನಮ್ಮವರನ್ನೆಲ್ಲ ಕಳಿಸಿಕೊಟ್ಟ."

"ಅಂದರೆ?"

"ಕಾರ್ಖಾನೆಗಳು ಮುಚ್ಚಿದ ಮೇಲೆ ನಮ್ಮಲ್ಲಿ ವಾರ ವಾರ ಸಾವು. ಕೆಲವರಿಗೆ ಹೂವೂ ಇರಲಿಲ್ಲ. ಆದರೆ ಪ್ರತಿ ಶನಿವಾರ ಜೇ ಬಂದು ಶವದ ಪೆಟ್ಟಿಗೆಯ ಪಕ್ಕ ನಿಂತು ಊದುತ್ತಿದ್ದ. ಗುಂಡಿಯವರೆಗೂ ಬರುತ್ತಿದ್ದ. ನಮ್ಮಲ್ಲಿ ಯಾರನ್ನೂ ಹಾಡಿಲ್ಲದೆ ಕಳಿಸುವುದಿಲ್ಲ."

ಕೌಸಲ್ಯಾಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬೇಸ್‌ಮೆಂಟಿನ ಆ ಸ್ನಾನಗಳು ನೆನಪಾದವು. ಸಾವಿನ ಮನೆಯಿಂದ ಬಂದವನು ಸ್ನಾನ ಮಾಡದೆ ಅಡಿಗೆಮನೆಗೆ ಹೇಗೆ ಬಂದಾನು? ಅವಳ ಒಲೆಗೆ ಮೈಲಿಗೆ ತಾಗದಿರಲಿ ಎಂದು ಅಷ್ಟು ದೂರದಿಂದ ಬಂದ ದಣಿವಿನಲ್ಲೂ ತಲೆಗೆ ನೀರು ಹಾಕಿಕೊಂಡಿದ್ದ. ಅವಳು ಅದರಲ್ಲಿ ಹಾದರ ಹುಡುಕಿದ್ದಳು.

"ಭಾವ," ಎಂದಳು ಎದ್ದು ನಿಂತು. "ಊದಲಿ."

"ಕೌಸಲ್ಯಾ, ನೋಡಮ್ಮ, ಜನ..."

"ಜನ ಎದ್ದು ಹೋಗ್ಲಿ. ಎಷ್ಟು ಜನಕ್ಕೆ ಊದಿದಾರೆ ಇವರು! ಇವರನ್ನ ಹೀಗೆ ಮೂಕವಾಗಿ ಕಳಿಸಲ್ಲ ನಾನು."

ಯಾರೂ ಎದ್ದು ಹೋಗಲಿಲ್ಲ. ಮಾಧವ ಫೋನಿನ ಧ್ವನಿ ತಗ್ಗಿಸಿ ಪಕ್ಕಕ್ಕೆ ಸರಿದ. ಮಲ್ಲಪ್ಪ ಕಣ್ಣೊರೆಸಿಕೊಂಡರು. ಎಲ್ಲರೂ ಕರ್ಟಿಸ್‌ನನ್ನೇ ನೋಡಿದರು.

"ಪ್ಲೀಸ್," ಎಂದಳು ಕೌಸಲ್ಯಾ. "ನುಡಿಸಿ."

ಮುದುಕ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ನಿಧಾನವಾಗಿ ತೆರೆದ.

"ನನಗೆ ಊದಲು ಬರುವುದಿಲ್ಲ, ಮ್ಯಾಮ್. ನಾನು ಚರ್ಚಿನ ಬಾಗಿಲಲ್ಲಿ ನಿಂತು ಜನರನ್ನು ಕೂರಿಸುವವನು. ಇದು ಜೇಯದು, ಚರ್ಚಿನಲ್ಲೇ ಇಟ್ಟಿರುತ್ತಿದ್ದ. ಚರ್ಚಿಗೆ ಹೋದ ತಿಂಗಳು ಬೀಗ ಬಿತ್ತು. ಅದಕ್ಕೇ ನಿಮಗೆ ಒಪ್ಪಿಸಿ ಹೋಗೋಣ ಅಂತ ತಂದೆ."

"ಬೇರೆ ಯಾರಾದರೂ? ಫೋನ್ ಮಾಡಿ ಕರೆಸಲು ಆಗಲ್ವಾ?"

"ನಮ್ಮಲ್ಲಿ ಊದುತ್ತಿದ್ದವನು ಅವನೊಬ್ಬನೇ."

ಫ್ಯೂನರಲ್ ಹೋಮಿನ ಮ್ಯಾನೇಜರ್ ಬಂದು, ಮುಂದಿನ ಕುಟುಂಬ ಕಾಯುತ್ತಿದೆ ಎಂದು ಮೆಲ್ಲಗೆ ಹೇಳಿದಳು. ಜಯಸಿಂಹನ ಶವಪೆಟ್ಟಿಗೆಯನ್ನು ಒಳಗೆ ತಳ್ಳಿಕೊಂಡು ಹೋದರು. ಧೃತಿ ದೊಡ್ಡಪ್ಪನ ಜೊತೆ ಹೋಗಿ ದಹನ ಯಂತ್ರದ ಹಸಿರು ಗುಂಡಿ ಒತ್ತಿದಳು.

ಕೌಸಲ್ಯಾ ವಾದ್ಯವನ್ನು ಎತ್ತಿಕೊಂಡಳು. ಹೇಗೆ ಹಿಡಿಯಬೇಕೆಂದೂ ಅವಳಿಗೆ ಗೊತ್ತಿರಲಿಲ್ಲ. ಬಾಯಿಗಿಡುವ ಕಪ್ಪು ತುದಿಯ ಮೇಲೆ, ಮೇಲಿನ ಹಲ್ಲು ಕೂರುವ ಜಾಗದಲ್ಲಿ, ಎರಡು ಸಣ್ಣ ಗುಳಿ ಬಿದ್ದಿದ್ದವು. ಗೋಡೆಯಾಚೆ ಬೆಂಕಿ ಮೊರೆಯತೊಡಗಿತು. ಅವಳು ಆ ಗುಳಿಗಳ ಮೇಲೆ ಹೆಬ್ಬೆರಳಿಟ್ಟುಕೊಂಡು ನಿಂತಿದ್ದಳು.